ದಸರಾ ಕುಸ್ತಿಗೆ ಮಳೆಯಲ್ಲಿ ನಡೆದೇ ಹೋಗಬಹುದಾ?

ಮಂಡ್ಯದ ಮಗ:
ಅಪ್ಪನಿಗೆ ಈಗ 68. ಹುಡುಗರಾಗಿದ್ದಾಗ ಊರ ಗರಡಿಯಲ್ಲಿ ಬೆಳಗಿನ ಜಾವಕ್ಕೇ ಮಟ್ಟಿ, ಅಂದ್ರೆ ಕುಸ್ತಿ ಕಣದ ಮಣ್ಣು, ಅಗೆದು ಸಾಮು ಮಾಡಿದವರು. ಈ ಸಲ ದಸರಾ ಕುಸ್ತಿ ನೋಡಲೇಬೇಕು ಅಂತಿದ್ದಾರೆ. ನಾಳೆ ರೈಲಿನಲ್ಲಿ ಮೈಸೂರಿಗೆ ಬರ್ತೇವೆ. ಸ್ಟೇಷನ್ನಿಂದ ದೊಡ್ಡಕೆರೆ ಮೈದಾನಕ್ಕೆ ಆಟೋ ಬೇಡ, ಊರು ನೋಡ್ಕೊಂಡು ನಡೆಯೋಣ ಅನ್ನೋದು ಅವರ ಹಟ. ಹಸ್ತ ಮಳೆ ಬೇರೆ ಹಿಡಿದಿದೆ, ಅವರಿಗೆ ಮಂಡಿ ನೋವು. ಯಾವ ದಾರಿ ಒಳ್ಳೇದು?

ಅಗ್ರಹಾರದವನು:
ಹೋಗುವಾಗ ನಡೀರಿ, ವಾಪಸ್ ಬರುವಾಗ ಆಟೋ ಮಾಡಿ. ಸಂಜೆ ದೀಪ ನೋಡೋ ಜನ ಸೇರಿದ ಮೇಲೆ ಅರಮನೆ ಸುತ್ತ ಕಾಲಿಡೋಕೂ ಜಾಗ ಇರಲ್ಲ.

ನಜರ್‌ಬಾದ್ ಅತ್ತೆ:
ಖಂಡಿತ ನಡೆಸಿಕೊಂಡು ಬಾಪ್ಪಾ. ಹೋದ ವರ್ಷ ನಾನೂ ಇದೇ ದಾರಿಯಲ್ಲಿ ನೆನೆಯುತ್ತಾ ಹೋದೆ. ಅಣ್ಣನ ಮಗಳು ಮೊದಲ ಸಲ ಕಣಕ್ಕಿಳಿಯುವವಳಿದ್ದಳು.

ಸ್ಟೇಷನ್ನಿಂದ ಇರ್ವಿನ್ ರಸ್ತೆ ಹಿಡಿದು ಆಯುರ್ವೇದ ಆಸ್ಪತ್ರೆ ಸರ್ಕಲ್‌ಗೆ ಬನ್ನಿ. ಅಲ್ಲಿ ಬಲಕ್ಕೆ ಸಯ್ಯಾಜಿರಾವ್ ರಸ್ತೆ. ಮಳೆ ಜೋರಾದರೆ ಅಂಗಡಿಗಳ ಸೂರಿನಡಿ ನಿಲ್ಲಿ, ಅವಸರ ಬೇಡ. ದೇವರಾಜ ಮಾರ್ಕೆಟ್ ಒಳಗೆ ಮಾತ್ರ ಹೋಗಬೇಡಿ. ಒದ್ದೆ ಕಲ್ಲಿನ ಮೇಲೆ ಹೂವು, ಎಲೆ ಬಿದ್ದು ತುಂಬಾ ಜಾರುತ್ತೆ. ಬಾಗಿಲಲ್ಲಿ ನಿಂತರೂ ಮಲ್ಲಿಗೆ ಘಮ ಬರುತ್ತೆ, ಅಷ್ಟು ಸಾಕು. ಕೆ.ಆರ್. ಸರ್ಕಲ್ ದಾಟಿದ ಮೇಲೆ ದೊಡ್ಡ ಗಡಿಯಾರದ ಹತ್ತಿರ ಅಪ್ಪನನ್ನು ಸ್ವಲ್ಪ ಹೊತ್ತು ಕೂರಿಸಿ. 1927ರ ಗಡಿಯಾರ ಅದು, ಅಂಕಿಗಳೆಲ್ಲ ಕನ್ನಡದಲ್ಲಿವೆ. ಆಮೇಲೆ ಜಯಚಾಮರಾಜ ಒಡೆಯರ್ ವೃತ್ತದಲ್ಲಿ ಬಲಕ್ಕೆ ತಿರುಗಿ, ಕೋಟೆ ಗೋಡೆ ಪಕ್ಕದಲ್ಲೇ ನಡೆದರೆ ಜಯಮಾರ್ತಾಂಡ ದ್ವಾರ. ಅದರ ಎದುರಿಗೇ ದೊಡ್ಡಕೆರೆ ಮೈದಾನ.

ನಮ್ಮ ಮನೆ ಪಕ್ಕದಲ್ಲೇ ಗರಡಿ ಇತ್ತು. ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸುವ ವಾಸನೆ ಗೋಡೆ ದಾಟಿ ಬರ್ತಿತ್ತು. ನಾವು ಹೆಣ್ಣುಮಕ್ಕಳು ಹೊಸ್ತಿಲು ತುಳಿಯೋ ಹಾಗಿರಲಿಲ್ಲ. ಈಗ ದಸರಾ ಕಂಠೀರವ, ದಸರಾ ಕೇಸರಿ ಜೊತೆಗೆ ಹುಡುಗಿಯರಿಗೆ ದಸರಾ ಕಿಶೋರಿ ಅಂತಾನೇ ಪ್ರಶಸ್ತಿ ಇದೆ. ಅವತ್ತು ನಮ್ಮ ಹುಡುಗಿ ಮ್ಯಾಟ್ ಮೇಲೆ ಪಾಯಿಂಟ್ ಕುಸ್ತಿ ಆಡಿ ಸೋತಳು. ಬಂದು ನನ್ನ ಒದ್ದೆ ಸೆರಗಲ್ಲೇ ಮುಖ ಒರೆಸಿಕೊಂಡಳು. ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ.

ಅಪ್ಪನಿಗೆ ಮಣ್ಣಿನ ಕಣದ ನಾಡಕುಸ್ತಿ ತೋರಿಸಿ. ಅದರಲ್ಲೂ ಮಾರ್ಪಿಟ್ ಜೋಡಿ. ಅದರಲ್ಲಿ ಪಾಯಿಂಟ್ ಲೆಕ್ಕ ಇಲ್ಲ, ಒಬ್ಬರು ಬೆನ್ನು ನೆಲಕ್ಕೆ ತಾಗಿ ಚಿತ್ ಆಗೋವರೆಗೂ ಹಿಡಿತ ಬಿಡಲ್ಲ. ಒಂದು ಟವೆಲ್, ಒಣ ಪಂಚೆ ಚೀಲದಲ್ಲಿಡು.

ಮಂಡ್ಯದ ಮಗ:
ಅತ್ತೆ, ಹೋಗಿ ಬಂದ್ವಿ. ನಿಮ್ಮ ದಾರಿಯಲ್ಲೇ ಹೋದ್ವಿ, ಒಂದೂವರೆ ಗಂಟೆ ಹಿಡೀತು. ದೊಡ್ಡ ಗಡಿಯಾರದ ಹತ್ತಿರ ಅಪ್ಪ ಅಂಕಿಗಳನ್ನು ಒಂದೊಂದಾಗಿ ಜೋರಾಗಿ ಓದಿದರು. ಕುಸ್ತಿ ಮುಗಿದ ಮೇಲೆ ಕಣದ ಅಂಚಿಗೆ ಹೋಗಿ ಚಿಟಿಕೆ ಮಣ್ಣು ತಗೊಂಡು ಹಣೆಗಿಟ್ಟುಕೊಂಡರು. ಮಂಡ್ಯ ಸ್ಟೇಷನ್ನಲ್ಲಿ ಇಳಿದಾಗಲೂ ಮಳೆ. ಹಣೆ ನೆನೆಯದ ಹಾಗೆ ಟವೆಲ್ ಹೊದ್ದುಕೊಂಡೇ ಮನೆಗೆ ಬಂದರು.