ಸಹಾಯ ಬೇಕು: ನಿರಾಶ್ರಿತರ ಪಾಠಕ್ಕೆ ಬೈಲಕುಪ್ಪೆಯ ಹಿರಿಯರೊಬ್ಬರು

ಪಿರಿಯಾಪಟ್ಟಣದ ಕಡೆ ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವಾರ ನಿರಾಶ್ರಿತರ ಪಾಠ. ಸಿರಿಯಾ, ಗಾಜಾ ಅಂದಾಗ ಮಕ್ಕಳು ಸುಮ್ನೆ ನೋಡುತ್ತಾ ಕೂತಿದ್ದರು. "ಬೈಲಕುಪ್ಪೆಯವರು ಇಲ್ಲಿಗೆ ಯಾಕೆ ಬಂದರು?" ಅಂದಿದ್ದೇ ತಡ, ಕ್ಲಾಸ್ ಪೂರ್ತಿ ಎದ್ದು ಕೂತಿತು! 1959ರ ನಂತರ ಟಿಬೆಟ್ ಬಿಟ್ಟು ಬಂದವರು ಇಲ್ಲಿನ ಕಾಡು ಕಡಿದು ಮುಸುಕಿನ ಜೋಳ ಬೆಳೆದ ಕಥೆ ಹೇಳಿದೆ. ಯಾವತ್ತೂ ಬಾಯಿ ಬಿಡದ ಕೊನೇ ಬೆಂಚಿನ ಹುಡುಗಿ ಕೇಳಿದಳು, "ಮಿಸ್, ಅವರ ಹಳೇ ಮನೆ ಬೀಗದ ಕೈ ಯಾರ ಹತ್ರ ಇದೆ?" ನನಗೆ ಉತ್ತರ ಹೊಳೆಯಲಿಲ್ಲ.

ಆ ದಿನಗಳು ನೆನಪಿರುವ, ಸ್ವಲ್ಪ ಕನ್ನಡ ಬರುವ ಹಿರಿಯರು ಯಾರಾದರೂ ನಿಮಗೆ ಪರಿಚಯವೇ? ಒಂದು ಪೀರಿಯಡ್ ಬಂದರೆ ಸಾಕು, ಆಟೋ ಖರ್ಚು ನನ್ನದು. ಅವರ ಮನಸ್ಸಿಗೆ ನೋವಾಗದಂತೆ ಪ್ರಶ್ನೆ ಕೇಳಲು ಮಕ್ಕಳನ್ನು ಹೇಗೆ ತಯಾರು ಮಾಡಲಿ? ಹೀಗೆ ಮಾಡಿಸಿದ ಶಿಕ್ಷಕರಿದ್ದರೆ ದಯವಿಟ್ಟು ಹೇಳಿ.