‘ಸಾಕ್ಷಿ’ ಸುಮ್ನೆ ನೋಡುತ್ತದೆಯೋ, ತೀರ್ಪು ಕೊಡುತ್ತದೆಯೋ?

ಗಂಗಾವತಿಯಲ್ಲಿ ನಾವು ಕೆಲವರು ಭಾನುವಾರ ಧ್ಯಾನಕ್ಕೆ ಕೂಡುತ್ತೇವೆ. ಹೇಳಿಕೊಡುವವರದು ಒಂದೇ ಮಾತು: “ಯೋಚನೆ ಬಂದರೆ ಬರಲಿ, ನೀವು ಸುಮ್ನೆ ಸಾಕ್ಷಿಯಾಗಿರಿ.” ಮೊನ್ನೆ ಈ ಪದಕ್ಕೇ ವಾದ ಹತ್ತಿತು. ನಮ್ಮಲ್ಲಿ ಒಬ್ಬ ಹಿರಿಯರು ಮಾಧ್ವರು, ಆನೆಗೊಂದಿಯ ನವಬೃಂದಾವನಕ್ಕೆ ನಡೆದುಕೊಳ್ಳುವವರು. “ಸಾಕ್ಷಿ ಸುಮ್ನೆ ಕೂಡೋದಲ್ರೀ, ಖರೇ ಯಾವುದು ಸುಳ್ಳು ಯಾವುದು ಅಂತ ತೀರ್ಮಾನ ಮಾಡೋದು” ಎಂದರು.

ಅವರ ಮತದ ಪ್ರಕಾರ ಆ ಮಾತು ಸರಿ. ಮಾಧ್ವರ ದ್ವೈತದಲ್ಲಿ ಸಾಕ್ಷಿ ಎಂದರೆ ಜೀವಾತ್ಮನ ಸ್ವರೂಪವೇ ಆದ ಇಂದ್ರಿಯ. ಸುಖ, ದುಃಖ, ಕಾಲ ಇವೆಲ್ಲ ಅದಕ್ಕೆ ನೇರವಾಗಿ ಗೊತ್ತು. ಮನಸ್ಸು ತಪ್ಪಬಹುದು, ಸಾಕ್ಷಿ ತಪ್ಪುವುದಿಲ್ಲ. ಒಬ್ಬೊಬ್ಬರ ಸಾಕ್ಷಿ ಬೇರೆ ಬೇರೆ. ಅದ್ವೈತದಲ್ಲಿ ಹಾಗಲ್ಲ. ವಿದ್ಯಾರಣ್ಯರ ಹೆಸರಿನಲ್ಲಿರುವ ಪಂಚದಶಿ ಎಂಬ ಅದ್ವೈತ ಗ್ರಂಥದ 10ನೇ ಪ್ರಕರಣದ ಹೆಸರೇ ನಾಟಕದೀಪ. ರಂಗದ ದೀಪ ಯಜಮಾನ, ಸಭಿಕರು, ನರ್ತಕಿ ಎಲ್ಲರಿಗೂ ಸಮನಾಗಿ ಬೆಳಕು ಕೊಡುತ್ತದೆ, ಅವರೆಲ್ಲ ಎದ್ದುಹೋದ ಮೇಲೂ ಉರಿಯುತ್ತದೆ. ಸಾಕ್ಷಿ ಅಂಥದ್ದು. ಯಾರ ಕುಣಿತ ಚೆಂದ ಅಂತ ಅದು ಹೇಳುವುದಿಲ್ಲ.

ಪಾಣಿನಿಯ ಸಂಸ್ಕೃತ ವ್ಯಾಕರಣ ಸೂತ್ರದ ಪ್ರಕಾರ (5.2.91) ಸಾಕ್ಷಾತ್ ನೋಡುವವನೇ ಸಾಕ್ಷಿ. ಅಷ್ಟೇ. ಆದರೆ ನಮ್ಮ ದಿನದ ಮಾತಿನಲ್ಲಿ ಎರಡೂ ಇವೆ, ಅಲ್ವಾ? ಅಗ್ನಿಸಾಕ್ಷಿಯಾಗಿ ಮದುವೆಯಾದರೆ ಬೆಂಕಿ ಏನೂ ಮಾತಾಡುವುದಿಲ್ಲ. ಮನಸ್ಸಾಕ್ಷಿ ಮಾತ್ರ ಸುಮ್ನಿರುವುದಿಲ್ಲ, ಚುಚ್ಚುತ್ತದೆ. ಅದರಲ್ಲೂ ಮಾಧ್ವರು ಮನಸ್ಸನ್ನೂ ಸಾಕ್ಷಿಯನ್ನೂ ಬೇರೆ ಇಡುತ್ತಾರೆ, ಕನ್ನಡ ಎರಡನ್ನೂ ಸೇರಿಸಿ ಒಂದೇ ಪದ ಮಾಡಿಬಿಟ್ಟಿದೆ!

ನನಗೆ ‘ಸಾಕ್ಷಿಯಾಗಿರಿ’ ಎಂಬ ಮಾತೇ ಇಕ್ಕಟ್ಟಿನದು ಅನಿಸುತ್ತದೆ. ಅದು ಮಾಡಬೇಕಾದ ಕೆಲಸದಂತೆ ಕೇಳಿಸುತ್ತದೆ. ಅದ್ವೈತ ಹೇಳುವುದು ನೀನು ಈಗಾಗಲೇ ಅದೇ ಎಂದು. ಹೊಸದಾಗಿ ಬಂದವರಂತೂ ಹುಬ್ಬು ಗಂಟಿಕ್ಕಿ ಯೋಚನೆಗಳನ್ನು ಕಾವಲು ಕಾಯುತ್ತಾರೆ.

ಬದಲಿಗೆ ‘ಎಚ್ಚರ’ ಎನ್ನೋಣವೆಂದರೆ ಗಾಢನಿದ್ದೆಯಲ್ಲಿ ಎಚ್ಚರ ಇರುವುದಿಲ್ಲ. ಆದರೂ ಎದ್ದ ಮೇಲೆ “ಸುಖವಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ” ಅಂತೀವಿ. ಆ ಸುಖವನ್ನು, ಆ ಗೊತ್ತಾಗದಿದ್ದುದನ್ನು ಕಂಡದ್ದೇ ಸಾಕ್ಷಿ ಎಂಬುದು ಅದ್ವೈತಿಗಳ ವಾದ. ಹಾಗಾಗಿ ‘ಎಚ್ಚರ’ ನಡೆಯದು. ‘ಅರಿವು’ ಒಳ್ಳೆಯ ಪದ, ಶರಣರು ಪಳಗಿಸಿದ ಪದ. ಆದರೆ ‘ಅರಿವುಗೇಡಿ’ ಎನ್ನುವಾಗ ಅದೇ ಪದ ಬುದ್ಧಿ ಆಗುತ್ತದೆ.

ಬಲ್ಲವರು ಹೇಳಿ. ಅದ್ವೈತದ ಸಾಕ್ಷಿಗೆ ನಿಮ್ಮ ಕಡೆ ಬೇರೆ ಕನ್ನಡ ಪದ ಬಳಕೆಯಲ್ಲಿದೆಯೇ? ‘ಮನಸ್ಸಾಕ್ಷಿ’ ಹಳೆಯ ಕನ್ನಡದಲ್ಲೂ ಇದೇ ಅರ್ಥದಲ್ಲಿ ಸಿಗುತ್ತದೆಯೇ?