ಕೆಳಗಿನ ಬಾರ್ ರಸ್ತೆಯಲ್ಲಿ ಟೇಬಲ್ ಹಾಕಲು ಅರ್ಜಿ ಹಾಕಿದೆ, ಹಿಯರಿಂಗ್‌ನಲ್ಲಿ ಏನು ಹೇಳಲಿ?

ಎರಡನೇಮಹಡಿ (ಫೆಬ್ರವರಿ 2025)

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್‌ನಲ್ಲಿರುವವರು, ಅದರಲ್ಲೂ ಮ್ಯಾನ್‌ಹಟನ್ ಡೌನ್‌ಟೌನ್ ಕಡೆ ಇರುವವರು ದಯವಿಟ್ಟು ಓದಿ.

ನಾವಿರುವುದು ಈಸ್ಟ್ ವಿಲೇಜ್‌ನ ಒಂದು ಹಳೇ ಕಟ್ಟಡದಲ್ಲಿ. ಬೆಡ್‌ರೂಮ್ ಕಿಟಕಿ ರಸ್ತೆ ಕಡೆಗೇ ಇದೆ. ಸರಿಯಾಗಿ ಅದರ ಕೆಳಗೆ ಒಂದು ಬಾರ್. 2020ರ ಬೇಸಿಗೆಯಲ್ಲಿ ಕೋವಿಡ್ ಅಂತ ಒಳಗೆ ಕೂರಿಸುವುದು ನಿಂತಾಗ, ಎಲ್ಲರ ಹಾಗೆ ಅವರೂ ಪಾರ್ಕಿಂಗ್ ಜಾಗದಲ್ಲಿ ಮರದ ಶೆಡ್ ಕಟ್ಟಿದರು. ಆಗ ನಮಗೆ ಖುಷಿಯೇ ಆಗಿತ್ತು. ಬೀದಿ ಬಿಕೋ ಅನ್ನುತ್ತಿತ್ತು, ನಾಲ್ಕು ಜನ ಕೂತು ಮಾತಾಡುವ ಸದ್ದು ಕೇಳಿದರೆ ಜೀವ ಬಂದ ಹಾಗಾಗುತ್ತಿತ್ತು.

ಆಮೇಲೆ ಅದೇ ಸದ್ದು ತಲೆನೋವಾಯಿತು. ಜನ ಮಾತಾಡುವುದು ದೊಡ್ಡ ತೊಂದರೆ ಅಲ್ಲ, ಅದಕ್ಕೆ ಕಿವಿ ಒಗ್ಗಿಹೋಗುತ್ತದೆ. ಬಾಗಿಲು ಹಾಕುವ ಹೊತ್ತಿಗೆ ಕಬ್ಬಿಣದ ಕುರ್ಚಿಗಳನ್ನು ಹಲಗೆ ಮೇಲೆ ಎಳೆಯುತ್ತಾರಲ್ಲ, ಅದು. ಒಂದೊಂದು ಕುರ್ಚಿಯೂ ಕರ್ ಅಂತ ಎಳೆದು, ಒಂದರ ಮೇಲೊಂದು ಠಣ್ ಅಂತ ಪೇರಿಸುತ್ತಾರೆ. ಅದು ಮುಗಿದ ಮೇಲೆ ಖಾಲಿ ಬಾಟಲಿಗಳನ್ನು ಡಬ್ಬಿಗೆ ಸುರಿಯುತ್ತಾರೆ. ಮಗು ಬೆಚ್ಚಿ ಏಳುತ್ತದೆ. ಶೆಡ್ ಅಡಿಯಲ್ಲಿ ಇಲಿಗಳೂ ಸೇರಿಕೊಂಡಿದ್ದವು.

ಹೋದ ನವೆಂಬರ್‌ನಲ್ಲಿ ಹೊಸ ನಿಯಮದ ಪ್ರಕಾರ ಆ ಶೆಡ್ ಬಿಚ್ಚಿದರು. ಈ ಚಳಿಗಾಲ ನೆಮ್ಮದಿಯಾಗಿ ನಿದ್ದೆ ಮಾಡಿದ್ದೇವೆ. ಈಗ ನೋಡಿದರೆ ಏಪ್ರಿಲ್‌ನಿಂದ ಮತ್ತೆ ಹಾಕಲು ಅರ್ಜಿ ಹೋಗಿದೆಯಂತೆ. ಮುಂದಿನ ವಾರ ಕಮ್ಯುನಿಟಿ ಬೋರ್ಡ್‌ನಲ್ಲಿ, ಅಂದರೆ ನಮ್ಮ ಬಡಾವಣೆಯ ಸ್ಥಳೀಯ ಮಂಡಳಿಯಲ್ಲಿ, ಹಿಯರಿಂಗ್ ಇದೆ.

ನಮ್ಮ ಯಜಮಾನರು "ಬೇಡ ಅಂತ ಖಡಾಖಂಡಿತ ಹೇಳಿ ಬಾ" ಅನ್ನುತ್ತಾರೆ. ಪಕ್ಕದ ಮನೆಯ ಅಜ್ಜಿ ಸಹಿ ಸಂಗ್ರಹ ಶುರು ಮಾಡಿದ್ದಾರೆ. ನನಗೆ ಆ ಬಾರ್ ಮುಚ್ಚಬೇಕು ಅಂತ ಇಲ್ಲ. ಅಲ್ಲಿನ ಹುಡುಗರು ನಮ್ಮ ಪಾರ್ಸೆಲ್ ತೆಗೆದಿಟ್ಟುಕೊಂಡು ಕೊಡುತ್ತಾರೆ, ಒಳ್ಳೆಯವರು. ಆದರೆ ಏಪ್ರಿಲ್‌ನಿಂದ ನವೆಂಬರ್ ತನಕ ಮತ್ತೆ ನಿದ್ದೆಗೆಡಲು ನನ್ನ ಕೈಲಿ ಆಗುವುದಿಲ್ಲ. ಬೋರ್ಡ್ ಮಾತಿಗೆ ಬೆಲೆ ಇದೆಯಾ? ಅಲ್ಲಿ ಹೋಗಿ ಏನು ಹೇಳಿದರೆ ಕೆಲಸ ಆಗುತ್ತದೆ? ಗೊತ್ತಿದ್ದವರು ತಿಳಿಸಿ.

---

ಕೌಂಟರ್‌ಹಿಂದಿನವನು

ಮೇಡಂ, ನಾನು ಲೋವರ್ ಈಸ್ಟ್ ಸೈಡ್‌ನಲ್ಲಿ ಒಂದು ಚಿಕ್ಕ ಬಾರ್ ನೋಡಿಕೊಳ್ಳುತ್ತೇನೆ. ನಮ್ಮ ಅರ್ಜಿಯನ್ನೂ ನಾನೇ ಹಾಕಿದ್ದು, ಹಿಯರಿಂಗ್‌ನಲ್ಲಿ ನಿಂತು ಉತ್ತರ ಕೊಟ್ಟವನೂ ನಾನೇ. ಅಂದರೆ ನಿಮ್ಮೆದುರಿನ ಕುರ್ಚಿಯಲ್ಲಿ ಕೂರುವವನು. ಅಲ್ಲಿ ಯಾವ ಮಾತು ನಾಟುತ್ತದೆ, ಯಾವುದು ಗಾಳಿಗೆ ಹೋಗುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ನಿಯಮ ಏನು ಅಂತ ತಿಳಿದುಕೊಳ್ಳಿ. 2020ರಲ್ಲಿ ಆಗಿದ್ದು ತುರ್ತು ಆದೇಶ. ಆನ್‌ಲೈನ್‌ನಲ್ಲಿ ಒಂದು ಫಾರಂ ತುಂಬಿದರೆ ಸಾಕಿತ್ತು, ಶುಲ್ಕ ಇರಲಿಲ್ಲ. 12 ಸಾವಿರಕ್ಕೂ ಜಾಸ್ತಿ ಹೋಟೆಲ್, ಬಾರ್‌ಗಳು ಹೊರಗೆ ಬಂದವು. ಈಗಿನದು 2023ರ ಕಾನೂನು, ಲೋಕಲ್ ಲಾ 121. ಅದನ್ನು ನಡೆಸುವುದು ನಗರದ ಸಾರಿಗೆ ಇಲಾಖೆ, ಡಿಒಟಿ. ಕಾರ್ಯಕ್ರಮದ ಹೆಸರು 'ಡೈನಿಂಗ್ ಔಟ್ ಎನ್‌ವೈಸಿ'. ಫುಟ್‌ಪಾತ್ ಮೇಲಿನ ಟೇಬಲ್‌ಗಳಿಗೆ ವರ್ಷವಿಡೀ ಅವಕಾಶ ಇದೆ. ರಸ್ತೆಯಲ್ಲಿ ಹಾಕುವುದು ಏಪ್ರಿಲ್ 1ರಿಂದ ನವೆಂಬರ್ 29ರ ತನಕ ಮಾತ್ರ. ಸೀಸನ್ ಮುಗಿದ ಮೇಲೆ ಪೂರ್ತಿ ಬಿಚ್ಚಿ ಬೇರೆ ಕಡೆ ಇಡಬೇಕು.

ಹಾಗಾಗಿ ಹಳೇ ಶೆಡ್ ವಾಪಸ್ ಬರುತ್ತದೆ ಅನ್ನುವ ಭಯ ಬಿಡಿ. ಗೋಡೆ ಕಟ್ಟಿ ಮುಚ್ಚುವಂತಿಲ್ಲ. ರಸ್ತೆಯೊಳಕ್ಕೆ 8 ಅಡಿ, ಉದ್ದಕ್ಕೆ ಹೆಚ್ಚೆಂದರೆ 40 ಅಡಿ, ಅದೂ ತಮ್ಮ ಅಂಗಡಿಯ ಮುಂಭಾಗದಷ್ಟೇ. ಫೈರ್ ಹೈಡ್ರಂಟ್‌ನಿಂದ 15 ಅಡಿ ದೂರ ಇರಬೇಕು. ಅಗ್ನಿಶಾಮಕದವರಿಗೆ ರಸ್ತೆಯಲ್ಲಿ 15 ಅಡಿ ಅಗಲದ ದಾರಿ ಬಿಡಬೇಕು. ಚರಂಡಿ ನೀರು ಫುಟ್‌ಪಾತ್ ಅಂಚಿನಲ್ಲಿ ಹರಿದು ಹೋಗುವ ಹಾಗಿರಬೇಕು. ವರ್ಷಗಟ್ಟಲೆ ಬಿಚ್ಚದೆ ಬಿಟ್ಟಿದ್ದರಿಂದಲೇ ಅಡಿಯಲ್ಲಿ ಇಲಿ ಸೇರಿಕೊಂಡಿದ್ದು. ಬಿಚ್ಚಿ ಜೋಡಿಸುವ ಹಲಗೆಯಾದರೆ ಅಡಿಗೆ ಗುಡಿಸಬಹುದು.

ಬಾರ್‌ನವರ ಕಷ್ಟವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಲೈಸೆನ್ಸ್‌ಗೆ 1,050 ಡಾಲರ್. ಫುಟ್‌ಪಾತ್, ರಸ್ತೆ ಎರಡೂ ಬೇಕಾದರೆ 2,100. ಅದರ ಮೇಲೆ ಜಾಗದ ಬಾಡಿಗೆ. ರಸ್ತೆಗೆ ವಲಯ ನೋಡಿಕೊಂಡು ಚದರ ಅಡಿಗೆ ವರ್ಷಕ್ಕೆ 5ರಿಂದ 25 ಡಾಲರ್. 20 ಅಡಿ ಮುಂಭಾಗ ಇರುವ ಅಂಗಡಿಗೆ 160 ಚದರ ಅಡಿ ಸಿಗುತ್ತದೆ, ಮೇಲಿನ ದರದಲ್ಲಿ 4,000 ಡಾಲರ್. ಜೊತೆಗೆ ಬಿಚ್ಚುವ, ಸಾಗಿಸುವ, ಚಳಿಗಾಲವಿಡೀ ಗೋದಾಮಿನಲ್ಲಿ ಇಡುವ ಖರ್ಚು. ಇಷ್ಟೆಲ್ಲಾ ಸುರಿದು ಅರ್ಜಿ ಹಾಕಿದವರು ಸುಮ್ನೆ ಹಾಕಿರುವುದಿಲ್ಲ. ಬೇಸಿಗೆಯ ಆ ಎಂಟು ಟೇಬಲ್ ಮೇಲೆ ಇಬ್ಬರ ಸಂಬಳ ನಿಂತಿರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕಮ್ಯುನಿಟಿ ಬೋರ್ಡ್ ಕೊಡುವುದು ಅಭಿಪ್ರಾಯ ಮಾತ್ರ. ಅವರು ಬೇಡ ಅಂದರೂ ಡಿಒಟಿ ಕೊಡಬಹುದು. ಅಳತೆ ಎಲ್ಲ ಸರಿ ಇದ್ದರೆ "ನಮಗೆ ಬಾರ್ ಗಲಾಟೆ ಬೇಡ" ಅನ್ನುವ ಒಂದೇ ಕಾರಣಕ್ಕೆ ಅರ್ಜಿ ಬೀಳುವುದು ಕಷ್ಟ. ಸಹಿ ಸಂಗ್ರಹದಿಂದ ಬೋರ್ಡ್‌ಗೆ ಬೀದಿಯ ಮನಸ್ಸು ಗೊತ್ತಾಗುತ್ತದೆ, ಅದು ಬೇಕು. ಆದರೆ ಅಲ್ಲಿಗೇ ನಿಲ್ಲಿಸಬೇಡಿ.

ಕೆಲಸ ಮಾಡುವುದು ಬರೆದುಕೊಟ್ಟ ಷರತ್ತು. ಇಲ್ಲಿ ಎಲ್ಲರೂ ಅದಕ್ಕೆ 'ಸ್ಟಿಪ್ಸ್' ಅನ್ನುತ್ತಾರೆ, ಸ್ಟಿಪ್ಯುಲೇಶನ್ಸ್. ಮದ್ಯದ ಲೈಸೆನ್ಸ್ ಕೊಡುವುದು ನಗರ ಅಲ್ಲ, ರಾಜ್ಯ. ಸ್ಟೇಟ್ ಲಿಕ್ಕರ್ ಅಥಾರಿಟಿ, ಎಸ್‌ಎಲ್‌ಎ. ಹೊರಗಿನ ಜಾಗದಲ್ಲಿ ಮದ್ಯ ಕೊಡಬೇಕಾದರೆ ಅವರ ಒಪ್ಪಿಗೆಯೂ ಬೇಕು. ಮಾಲೀಕ ಬೋರ್ಡ್ ಮುಂದೆ ಒಪ್ಪಿ ಸಹಿ ಹಾಕಿದ ಷರತ್ತು ಆ ಲೈಸೆನ್ಸ್‌ಗೆ ಸೇರಿಕೊಂಡರೆ ಅದಕ್ಕೆ ಹಲ್ಲು ಬರುತ್ತದೆ. ಮುರಿದರೆ ಲೈಸೆನ್ಸ್‌ಗೇ ಕುತ್ತು. ನಿಮ್ಮ ಕಡೆಯಂಥ ಬೀದಿಗಳಲ್ಲಿ ಬೋರ್ಡ್‌ಗೆ ಇನ್ನೂ ಒಂದು ಹಿಡಿತ ಇದೆ. 500 ಅಡಿ ಒಳಗೆ ಆಗಲೇ ಮೂರು ಬಾರ್ ಲೈಸೆನ್ಸ್ ಇದ್ದರೆ, ಹೊಸದು ಕೊಡುವ ಮೊದಲು ಅದರಿಂದ ಸಾರ್ವಜನಿಕರಿಗೆ ಏನು ಒಳ್ಳೆಯದು ಅಂತ ಎಸ್‌ಎಲ್‌ಎ ಹಿಯರಿಂಗ್ ಮಾಡಲೇಬೇಕು, ಅಲ್ಲಿ ಬೋರ್ಡ್ ಅಭಿಪ್ರಾಯವನ್ನೂ ಕೇಳುತ್ತಾರೆ. ಹಾಗಾಗಿ ಮಾಲೀಕರಿಗೆ ಬೋರ್ಡ್ ಜೊತೆ ಮನಸ್ತಾಪ ಬೇಡ. ನಾವಂತೂ ಕೇಳಿದ್ದಕ್ಕೆಲ್ಲ ಹೂಂ ಅಂದೆವು.

ನಗರದ ನಿಯಮದಲ್ಲಿ ಹೊರಗಿನ ಟೇಬಲ್‌ಗಳಿಗೆ ರಾತ್ರಿ 12ರ ತನಕ ಅವಕಾಶ ಇದೆ. ಆದರೆ ಮಾಲೀಕ ಒಪ್ಪಿದರೆ ಮುಂಚೆಯೇ ನಿಲ್ಲಿಸಬಹುದು. ವಾರದ ದಿನ 10, ಶುಕ್ರವಾರ ಶನಿವಾರ 11 ಅಂತ ಕೇಳಿ. ಕೇಳುವಾಗ "10ಕ್ಕೆ ಬಂದ್" ಅಂತ ಮಾತ್ರ ಅನ್ನಬೇಡಿ. ಅಲ್ಲೇ ಎಲ್ಲರೂ ತಪ್ಪುವುದು. 10ಕ್ಕೆ ಕೊನೇ ಆರ್ಡರ್ ತಗೊಂಡರೆ ಜನ ಏಳುವಾಗ 11 ಆಗಿರುತ್ತದೆ. "10ಕ್ಕೆ ಹೊರಗೆ ಗಿರಾಕಿಗಳು ಇರಬಾರದು, ಕುರ್ಚಿ ಟೇಬಲ್ ಕಟ್ಟಿ ಮುಗಿದಿರಬೇಕು" ಅಂತ ಬರೆಸಿ.

ಕುರ್ಚಿಯ ವಿಷಯ ನೀವು ಬರೆದದ್ದು ನೂರಕ್ಕೆ ನೂರು ನಿಜ. ಒಳಗಿರುವವರಿಗೆ ಅದು ಕೇಳಿಸುವುದೇ ಇಲ್ಲ, ಮೇಲಿರುವವರಿಗೆ ಮಾತ್ರ ಗೊತ್ತು. ಕುರ್ಚಿ ಕಾಲಿಗೆ ರಬ್ಬರ್ ಬೂಟು ಹಾಕಿದರೆ, ಪೇರಿಸದೆ ಹಾಗೇ ಸರಪಳಿ ಬಿಗಿದು ಬಿಟ್ಟರೆ ಅರ್ಧ ಸದ್ದು ಹೋಗುತ್ತದೆ. ಖರ್ಚೂ ಕಡಿಮೆ. ಬಾಟಲಿಗಳನ್ನು ರಾತ್ರಿ ಸುರಿಯದೆ ಬೆಳಿಗ್ಗೆ ಸುರಿಯಲಿ. ಹೊರಗೆ ಸ್ಪೀಕರ್ ಬೇಡ. 10ರ ಮೇಲೆ ಬಾರ್‌ನ ಮುಂದಿನ ಕಿಟಕಿ ಬಾಗಿಲು ಮುಚ್ಚಿರಲಿ, ಇಲ್ಲದಿದ್ದರೆ ಒಳಗಿನ ಸಂಗೀತವೇ ಹೊರಗೆ ಬರುತ್ತದೆ.

ಹಿಯರಿಂಗ್‌ನಲ್ಲಿ ನಿಮಗೆ ಸಿಗುವುದು ಸಾಮಾನ್ಯವಾಗಿ ಎರಡು ನಿಮಿಷ. ಬೋರ್ಡ್ ಆಫೀಸಿಗೆ ಈಗಲೇ ಇಮೇಲ್ ಮಾಡಿ, ಅರ್ಜಿ ಮತ್ತು ನಕ್ಷೆಯ ಪ್ರತಿ ಕೇಳಿ. ನಕ್ಷೆ ಹಿಡಿದುಕೊಂಡು ಕೆಳಗೆ ಹೋಗಿ ಒಮ್ಮೆ ನೋಡಿ. ಅದಕ್ಕಿಂತ ಮುಂಚೆ, ಸಾಧ್ಯವಾದರೆ ಮಾಲೀಕರ ಜೊತೆಯೇ ಮಾತಾಡಿ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ. ಹಿಯರಿಂಗ್‌ಗೆ ಮೊದಲೇ ಇಬ್ಬರೂ ಒಪ್ಪಿದ ಕಾಗದ ಇದ್ದರೆ ಬೋರ್ಡ್‌ನವರು ಅದನ್ನೇ ಎತ್ತಿಕೊಳ್ಳುತ್ತಾರೆ.

---

ಚಕ್ರದಮೇಲೆ

ಮೇಲಿನವರು ಹೇಳಿದ್ದು ಸರಿ ಇದೆ. ನಾನು ಫುಟ್‌ಪಾತ್ ಬಗ್ಗೆ ಮಾತ್ರ ಸೇರಿಸುತ್ತೇನೆ, ಯಾಕೆಂದರೆ ಹಿಯರಿಂಗ್‌ನಲ್ಲಿ ಇದನ್ನು ಹೇಳುವವರು ಕಡಿಮೆ.

ನಾನು ವೀಲ್‌ಚೇರ್ ಬಳಸುತ್ತೇನೆ. ನಕ್ಷೆಯಲ್ಲಿ 8 ಅಡಿ ನಡೆಯುವ ದಾರಿ ಅಂತ ಚೆನ್ನಾಗಿ ಗೆರೆ ಹಾಕಿರುತ್ತಾರೆ. ಆ ನಕ್ಷೆಯಲ್ಲಿ ಕುರ್ಚಿಗಳು ಟೇಬಲ್‌ಗೆ ಒತ್ತಿಕೊಂಡಿರುತ್ತವೆ. ನಿಜವಾಗಿ ಜನ ಕೂತಾಗ ಕುರ್ಚಿ ಹಿಂದಕ್ಕೆ ಸರಿಯುತ್ತದೆ, ಬೆನ್ನಿಗೆ ಬ್ಯಾಗ್ ನೇತಾಡುತ್ತದೆ, ಕಾಲು ಚಾಚಿರುತ್ತಾರೆ. ಆ ಕಡೆ ಮೆನು ಬೋರ್ಡ್. ಈ ಕಡೆ ಬಾಗಿಲಲ್ಲಿ ಟೇಬಲ್‌ಗೆ ಕಾಯುವವರ ಗುಂಪು. ಟೇಬಲ್ ರಸ್ತೆಯಲ್ಲೇ ಇದ್ದರೂ ತಟ್ಟೆ ಹಿಡಿದು ಓಡಾಡುವವರು ದಾಟುವುದು ಇದೇ ಫುಟ್‌ಪಾತನ್ನು. ಶನಿವಾರ ಸಂಜೆ ನನಗೆ ಸಿಗುವುದು ಎರಡೂವರೆ ಮೂರು ಅಡಿ. ಪ್ರತಿ ಬಾರಿಯೂ "ಎಕ್ಸ್‌ಕ್ಯೂಸ್ ಮಿ" ಅಂತ ಬೇಡಿಕೊಂಡು ಹೋಗಬೇಕು. ನಮ್ಮ ಬೀದಿಯಲ್ಲಿ ನಾನು ಯಾಕೆ ಬೇಡಿಕೊಳ್ಳಬೇಕು?

ಆದ್ದರಿಂದ ಎರಡು ವಿಷಯ ಕೇಳಿ. ಕಾಯುವವರು ಎಲ್ಲಿ ನಿಲ್ಲುತ್ತಾರೆ? "ಒಳಗೆ" ಅಂತ ಬರೆದುಕೊಡಲಿ. ಅಳತೆ ಜನ ಕೂತ ಕುರ್ಚಿಯ ಹಿಂಬದಿಯಿಂದ ತೆಗೆದದ್ದೋ, ಖಾಲಿ ಕುರ್ಚಿಯಿಂದಲೋ?

ಇನ್ನು ರಸ್ತೆಯ ಹಲಗೆ. ಅದು ಫುಟ್‌ಪಾತ್‌ನ ಮಟ್ಟಕ್ಕೇ ಇರಬೇಕು, ಮೆಟ್ಟಿಲು ಇರಬಾರದು. ಮಟ್ಟ ಸರಿ ಇದ್ದರೂ ಫುಟ್‌ಪಾತ್ ಅಂಚಿಗೂ ಹಲಗೆಗೂ ಮಧ್ಯೆ ಬಿರುಕು ಬಿಟ್ಟಿರುತ್ತಾರೆ. ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರ ಅದರೊಳಗೆ ಇಳಿದರೆ ಕುರ್ಚಿ ಅಲ್ಲೇ ನಿಲ್ಲುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಎಡಿಎ (ಅಂಗವಿಕಲರ ಹಕ್ಕಿನ ಅಮೆರಿಕದ ಕಾನೂನು) ಪ್ರಕಾರ ಬಿರುಕು ಅರ್ಧ ಇಂಚು ಮೀರಬಾರದು. ಒಂದು ಟೇಬಲ್ ಆದರೂ 28ರಿಂದ 34 ಇಂಚು ಎತ್ತರದ್ದು ಇರಲಿ. ಬಾರ್‌ಗಳಲ್ಲಿ ಎತ್ತರದ ಸ್ಟೂಲು ಟೇಬಲ್‌ಗಳನ್ನೇ ಇಡುತ್ತಾರೆ, ನನ್ನ ಕಣ್ಣಿಗೆ ಗ್ಲಾಸಿನ ತಳ ಮಾತ್ರ ಕಾಣುತ್ತದೆ.

ನನಗೂ ಹೊರಗೆ ಕೂತು ಒಂದು ಬಿಯರ್ ಕುಡಿಯುವ ಆಸೆ ಇದೆ. ನಮ್ಮ ಕಡೆಯ ಹಳೇ ಬಾರ್‌ಗಳ ಬಾಗಿಲಲ್ಲಿ ಎರಡು ಮೆಟ್ಟಿಲು ಇದ್ದೇ ಇರುತ್ತದೆ. ರಸ್ತೆಯ ಟೇಬಲ್ ಬಂದ ಮೇಲೆಯೇ ನಾನು ಸ್ನೇಹಿತರ ಜೊತೆ ಸರಿಸಮವಾಗಿ ಕೂರುವ ಹಾಗಾಗಿದ್ದು. ಅದಕ್ಕೆ ದಯವಿಟ್ಟು ಪೂರ್ತಿ ಬೇಡ ಅನ್ನಬೇಡಿ. ಸರಿಯಾಗಿ ಮಾಡಿ ಅನ್ನಿ.

---

ಎರಡನೇಮಹಡಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೆಟ್ಟಿಲಿನ ವಿಷಯ ನಾನು ಯೋಚಿಸಿಯೇ ಇರಲಿಲ್ಲ, ನಮ್ಮ ಕೆಳಗಿನ ಬಾರ್‌ಗೂ ಎರಡು ಮೆಟ್ಟಿಲಿದೆ. ಅಜ್ಜಿಗೆ ಓದಿ ಹೇಳಿದೆ. ಸಹಿ ಹಾಳೆಯ ಮೇಲೆ "ಬೇಡ" ಅಂತ ಇದ್ದದ್ದನ್ನು "ಈ ಷರತ್ತುಗಳ ಜೊತೆ" ಅಂತ ಬದಲಾಯಿಸಲು ಒಪ್ಪಿದ್ದಾರೆ. ಆದರೆ 10ಕ್ಕೆ ಅಲ್ಲ, 9ಕ್ಕೇ ಮುಗಿಯಬೇಕು ಅಂತ ಹಟ. ನಾಳೆ ಮಧ್ಯಾಹ್ನ ಮಾಲೀಕರನ್ನು ಕಾಣಲು ಹೋಗುತ್ತಿದ್ದೇನೆ.

ಇನ್ನೊಂದು ಪ್ರಶ್ನೆ. ಸಹಿ ಹಾಕಿದ ಮೇಲೂ ಜೂನ್ ತಿಂಗಳಲ್ಲಿ ರಾತ್ರಿ 12ರ ತನಕ ಕೂರಿಸಿದರೆ ಯಾರಿಗೆ ಹೇಳುವುದು?

---

ಕೌಂಟರ್‌ಹಿಂದಿನವನು

9 ಅಂದರೆ ಮಾಲೀಕ ಒಪ್ಪುವುದಿಲ್ಲ ಮೇಡಂ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಎಂಟೂವರೆಗೆ, ವ್ಯಾಪಾರ ಶುರುವಾಗುವುದೇ ಆಗ. ಅಜ್ಜಿಗೆ ನಿಧಾನವಾಗಿ ಹೇಳಿ ನೋಡಿ. ಭಾನುವಾರ ಒಂದು ದಿನ 9 ಅಂತ ಕೇಳಿದರೆ ಸಿಗಬಹುದು.

ದೂರಿಗೆ 311 ಇದೆ, ನಗರದ ಸಹಾಯವಾಣಿ. ಪ್ರತಿ ಸಲ ಸರ್ವಿಸ್ ರಿಕ್ವೆಸ್ಟ್ ನಂಬರ್ ಬರೆದಿಟ್ಟುಕೊಳ್ಳಿ, ತಾರೀಕು, ಗಂಟೆ ಸಮೇತ. ಕಿಟಕಿಯಿಂದ ಗಡಿಯಾರದ ಹೊತ್ತು ಕಾಣುವ ಹಾಗೆ ಒಂದು ಚಿಕ್ಕ ವಿಡಿಯೋ ಇರಲಿ. ಷರತ್ತು ಮುರಿದ ದೂರು ಎಸ್‌ಎಲ್‌ಎಗೂ ನೇರವಾಗಿ ಕೊಡಬಹುದು. ಬಾರ್ ಲೈಸೆನ್ಸ್ ಎರಡು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ, ಆಗ ಬೋರ್ಡ್‌ಗೆ ನೋಟಿಸ್ ಹೋಗುತ್ತದೆ. ನಿಮ್ಮ ಪಟ್ಟಿ ಆ ದಿನ ಮೇಜಿನ ಮೇಲಿರಲಿ.

ಆದರೆ ಮೊದಲ ಸಲವೇ 311ಕ್ಕೆ ಹೋಗಬೇಡಿ. ನಾಳೆ ಹೋದಾಗ ರಾತ್ರಿ ಪಾಳಿಯ ಮ್ಯಾನೇಜರ್ ಫೋನ್ ನಂಬರ್ ಕೇಳಿ, ಮಾಲೀಕರದ್ದಲ್ಲ. ರಾತ್ರಿ ಹನ್ನೊಂದಕ್ಕೆ ಮಾಲೀಕರು ಅಲ್ಲಿರುವುದಿಲ್ಲ. ನನ್ನ ಕಟ್ಟಡದ ಮೇಲಿನವರ ಹತ್ತಿರ ನನ್ನ ನಂಬರ್ ಇದೆ. ಮೆಸೇಜ್ ಬಂದ ಕೂಡಲೇ ಹೊರಗೆ ಹೋಗಿ ಟೇಬಲ್‌ನವರನ್ನು ಒಳಗೆ ಕರೆಯುತ್ತೇನೆ, ಅಷ್ಟಕ್ಕೇ ಮುಗಿಯುತ್ತದೆ.